ಸೇತುವೆ ದಾಟಬಾರದವನು, ದಾಟಲೇಬೇಕಾದವಳು

ಎರಡು ನಗರಗಳ ನೋವಿಗೆ ಒಂದೇ ಕೋಣೆ ಸಾಕೆಂದು ತೀರ್ಮಾನಿಸಿದ ಮಾನ್ಯ ಪೊಲೀಸ್ ಆಯುಕ್ತರೇ,

ನನ್ನ ತಂಗಿಯ ದವಡೆ ಮುರಿದವನು ಅವಳ ಗಂಡ. ಆ ದವಡೆ ಕೂಡಿಕೊಂಡ ಮೇಲೆ ಅವಳ ಬಾಯಿ ಮುಚ್ಚಿಸಿದವರು ನೀವು. ಅವನ ಮೇಲೆ ಮೊಕದ್ದಮೆ ನಡೆಯುತ್ತಿದೆ. ನಿಮ್ಮ ಮೇಲೆ ಎಲ್ಲಿ ದೂರು ಕೊಡಬೇಕೋ ತಿಳಿಯದೆ, ಊರಿನವರೆಲ್ಲ ಓದಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಠಾಣೆಯ ಹಿಂಭಾಗದಲ್ಲಿ ಸಂತ್ರಸ್ತರಿಗೆಂದು ಒಂದು ಸಣ್ಣ ಕೋಣೆಯಿತ್ತು. ಗೋಡೆಯ ಸುಣ್ಣ ಉದುರುತ್ತಿತ್ತು, ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಗಂಡನನ್ನು ಬಿಟ್ಟು ನನ್ನ ಮನೆಗೆ ಬಂದ ತಂಗಿಯನ್ನು ಅವನು ನನ್ನ ಹೊಸ್ತಿಲಲ್ಲೇ ಹೊಡೆದು ಕೆಡವಿದ ಮೇಲೆ, ನಾನು ಅವಳನ್ನು ಕರೆದೊಯ್ದದ್ದು ಅಲ್ಲಿಗೆ. ಅಲ್ಲಿದ್ದ ಆಪ್ತಸಮಾಲೋಚಕಿ ಯಾರ ಎದುರೂ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದರು. ತಂಗಿಯ ದವಡೆಗೆ ತಂತಿ ಬಿಗಿದಿದ್ದಷ್ಟು ದಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ದರ್ಜಿಯೆಂದು ತಿಳಿದು, "ಅಂಗಡೀಲಿ ಸಿಕ್ಕಾಗಿರೋ ದಾರ ಇದ್ರೆ ತನ್ನಿ" ಎಂದರು. ಅವರೂ ತಂಗಿಯೂ ಮಾತಿಲ್ಲದೆ ಸಿಕ್ಕು ಬಿಡಿಸುತ್ತ ಕೂರುತ್ತಿದ್ದರು. ತಂತಿ ತೆಗೆದ ಮೇಲೆ ಒಂದು ದಿನ ತಂಗಿ ಹೊರಗೆ ಬಂದು, "ಅಕ್ಕಾ, ಕೋರ್ಟಲ್ಲಿ ಎಲ್ಲಾ ಹೇಳ್ತೀನಿ. ಮೇಡಂ ಪಕ್ಕದಲ್ಲಿ ಇರ್ತಾರಂತೆ" ಎಂದಳು. ನಾನು ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಸಂತೋಷಕ್ಕೆ ಅತ್ತೆ.

ಅಷ್ಟರಲ್ಲಿ ತಮಗೆ ಜ್ಞಾನೋದಯವಾಯಿತು. ಪಕ್ಕದ ನಗರಕ್ಕೂ ನಮಗೂ ಸೇರಿ ಒಂದೇ ನೆರವು ಕೇಂದ್ರ, ಅದೂ ಸೇತುವೆಯ ಆಚೆಯ ಪೊಲೀಸ್ ಕಚೇರಿಯಲ್ಲಿ. ನಮ್ಮ ಸಮಾಲೋಚಕಿಯನ್ನೂ ಅಲ್ಲಿಗೇ ಕಳಿಸಿದಿರಿ. ಇಬ್ಬರು ಆಯುಕ್ತರು ಕೈಕುಲುಕಿದ ಫೋಟೊ ಪತ್ರಿಕೆಯಲ್ಲಿ ನೋಡಿದೆ, ಇಬ್ಬರದೂ ಇಸ್ತ್ರಿ ಚೆನ್ನಾಗಿತ್ತು. ನಮ್ಮ ಕೋಣೆಯಲ್ಲಿ ಈಗ ಮುರಿದ ಬ್ಯಾರಿಕೇಡುಗಳು ಹಾಯಾಗಿ ವಿಶ್ರಾಂತಿ ಪಡೆಯುತ್ತಿವೆ. ಹಂಚಿಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಗುಂಡಿಗೆ ಕಾಜಾ ಹಾಕುವ ನನ್ನ ಯಂತ್ರವನ್ನು ಪಕ್ಕದಂಗಡಿಯವಳೂ ಬಳಸುತ್ತಾಳೆ. ಆದರೆ ಯಂತ್ರವನ್ನೇ ಅವಳ ಅಂಗಡಿಗೆ ಸಾಗಿಸಿ, ನನ್ನ ಗಿರಾಕಿಗಳನ್ನು ಅಲ್ಲಿಗೆ ಅಟ್ಟಿದರೆ ಅದನ್ನು ಹಂಚಿಕೆ ಎನ್ನುತ್ತಾರೆಯೇ?

ತಂಗಿಯ ಗಂಡನಿಗೆ ಜಾಮೀನು ಕೊಡುವಾಗ ನ್ಯಾಯಾಲಯ ಒಂದು ಷರತ್ತು ಹಾಕಿತ್ತು: ಅವನು ಸೇತುವೆ ದಾಟಿ ನಮ್ಮ ನಗರಕ್ಕೆ ಕಾಲಿಡಕೂಡದು. ಅದನ್ನು ಅವನು ಚಾಚೂ ತಪ್ಪದೆ ಪಾಲಿಸಿದ. ಸೇತುವೆಯ ಆಚೆ ಅವನದೊಂದು ಟೈರ್ ಅಂಗಡಿಯಿದೆ. ನಿಮ್ಮ ಹೊಸ ಕೇಂದ್ರವಿರುವುದು ಅದರ ಎದುರಿಗೇ! ಅವನು ಬರಬಾರದೆಂದು ನ್ಯಾಯಾಲಯ ಹೇಳಿದರೆ, ಅವಳನ್ನೇ ಅವನ ಬಾಗಿಲಿಗೆ ಕಳಿಸುವ ಏರ್ಪಾಡನ್ನು ನೀವು ಮಾಡಿದಿರಿ.

ಠಾಣೆಗೆ ಹೋಗಿ ಇದನ್ನೇ ಹೇಳಿದೆ. "ಪೊಲೀಸ್ ಕಚೇರಿ ಮುಂದೆ ಯಾರು ಏನ್ ಮಾಡ್ತಾರಮ್ಮ? ಅದಕ್ಕಿಂತ ಸೇಫ್ ಜಾಗ ಇನ್ನೆಲ್ಲಿದೆ?" ಎಂದರು ನಿಮ್ಮ ಅಧಿಕಾರಿ. "ಹೋಗೋಕಾಗ್ದಿದ್ರೆ ಫೋನಲ್ಲೇ ಮಾತಾಡ್ಲಿ ಬಿಡಿ" ಎಂಬ ಪರಿಹಾರವನ್ನೂ ಕೊಟ್ಟರು. ಫೋನಿನಲ್ಲಿ ಪಕ್ಕ ಕೂರುವುದು ಹೇಗೆಂದು ದಯವಿಟ್ಟು ಯಾರಾದರೂ ಕಲಿಸಿಕೊಡಿ.

ಆದರೂ ಹೋದೆವು. ಮೊದಲ ಸಲ ಅವನು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದ, ಅಷ್ಟೇ. ಮುಂದಿನ ಸಲ ರಸ್ತೆ ದಾಟಿ ಬಂದು ಗೇಟು ತೆರೆದು ಹಿಡಿದ. "ಹುಷಾರು, ಮೆಟ್ಲು ಎತ್ತರ ಇದೆ" ಎಂದ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ತಂಗಿ ನನ್ನ ಬೆನ್ನ ಹಿಂದೆ ಸರಿದಳು. ನಾನು ಕಾವಲಿನ ಪೇದೆಯ ಮೇಲೆ ರೇಗಿದೆ. "ಒಳ್ಳೇ ಹುಡ್ಗ ಕಣಮ್ಮ, ನಮ್ಮ ಜೀಪಿನ ಪಂಕ್ಚರೆಲ್ಲ ಅವ್ನೇ ಹಾಕೋದು. ಗೇಟು ತೆಗೆದಿದ್ದಕ್ಕೆ ಕೇಸ್ ಹಾಕೋಕಾಗತ್ತಾ?" ಎಂದ ಆತ. ಹಾಕಲಾಗುವುದಿಲ್ಲ, ಮಾನ್ಯರೇ. ಅದು ಅವನಿಗೂ ಗೊತ್ತಿತ್ತು.

ಬಸ್ಸಿನಲ್ಲಿ ತಂಗಿ ಹೇಳಿದಳು: "ಇವತ್ತು ಅವನು ಕೈ ಕೂಡ ಎತ್ತಲಿಲ್ಲ ಅಕ್ಕಾ. ಆದ್ರೂ ಮೇಡಂ ಹತ್ರ ನಂಗೆ ಮಾತೇ ಬರ್ಲಿಲ್ಲ."

ಅಂದಿನಿಂದ ಅವಳು ಹೊಸ್ತಿಲು ದಾಟಿಲ್ಲ. ಸಾಕ್ಷಿ ಹೇಳುವುದಿಲ್ಲವೆಂದು ವಕೀಲರಿಗೆ ತಿಳಿಸಿದ್ದಾಳೆ. ವಿಚಾರಣೆ ಮುಂದಿನ ತಿಂಗಳು. ನನಗೆ ನಿಮ್ಮ ಮೇಲೆ ಕೋಪ ಬಂದಿದೆ, ಅವಳ ಮುಖ ನೋಡಲು ಭಯವಾಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಬ್ಯಾರಿಕೇಡುಗಳನ್ನು ಹೊರಗೆ ಹಾಕಿಸಿ. ವಿಚಾರಣೆಗೆ ಮುಂಚೆ ಆ ಕೋಣೆಯನ್ನೂ ಆ ಸಮಾಲೋಚಕಿಯನ್ನೂ ಈ ದಡಕ್ಕೆ ಮರಳಿಸಿ. ಆಚೆಯ ನಗರದಲ್ಲಿ ಏಟು ತಿಂದವಳು ಈಚೆ ಬರುವುದು ಕ್ಷೇಮವೆಂದರೆ ಅವಳೂ ಬರಲಿ, ಜಾಗ ಮಾಡೋಣ. ಯಾರು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವ ಮುನ್ನ, ಹೊಡೆದವನು ಎಲ್ಲಿದ್ದಾನೆಂದು ಒಂದು ಮಾತು ಕೇಳಿ.

ಇಲ್ಲವಾದರೆ ಆಗುವುದು ಇಷ್ಟು. ಅವಳು ಮಾತಾಡುವುದಿಲ್ಲ. ಮೊಕದ್ದಮೆ ಬಿದ್ದುಹೋಗುತ್ತದೆ, ಅದರೊಂದಿಗೆ ಜಾಮೀನಿನ ಷರತ್ತೂ. ಆಮೇಲೆ ಅವನು ಯಾರ ಅಪ್ಪಣೆಯೂ ಬೇಡದೆ ಸೇತುವೆ ದಾಟಿ ನನ್ನ ಮನೆಗೆ ಬರಬಹುದು.

ಇಂತಿ,
ನಿಮ್ಮ ಪೇದೆಗಳ ಖಾಕಿಗೆ ಗುಂಡಿ ಹೊಲಿಯುವವಳು,
ಮನೆಗೆ ಎರಡನೆಯ ಚಿಲಕ ಹಾಕಿಸಿಕೊಂಡವಳು