ಅಮ್ಮ ಎದ್ದಿಲ್ಲ, ನಜೀಹಾ

ಫೆಸ್, ರಸೀಫ್ ಓಣಿ
೧೨ ಮಾರ್ಚ್ ೧೯೯೭

ಪ್ರೀತಿಯ ತಂಗಿ ನಜೀಹಾ,

ಹೇಗಿದ್ದೀಯ? ರಬಾತಿನ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಯಿತೋ, ಇಳಿಯಿತೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಹಬ್ಬದ ದಿನ ಮೈಯ ಬಿಗಿತ ಬಿಡಿಸುವ ನಿನ್ನ ವಿದ್ಯೆಯನ್ನು 'ಮಲಗಿಸಿ ಹೇಳೋ ಪಾಠ' ಎಂದು ನಾನು ಆಡಿಕೊಂಡದ್ದಕ್ಕೆ ಇನ್ನೂ ಸಿಟ್ಟಿದ್ದರೆ ಇರಲಿ, ಈ ಕಾಗದವನ್ನು ಮಾತ್ರ ಕೊನೆಯವರೆಗೆ ಓದು. ನನಗೆ ಭಯವಾಗಿದೆ. ಅಮ್ಮ ಹಾಸಿಗೆ ಹಿಡಿದು ಇವತ್ತಿಗೆ ಒಂಬತ್ತು ದಿನ. ಹಮಾಮಿನ ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು ಎಂದು ಓಣಿಗೆಲ್ಲ ಗೊತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿಲ್ಲವಂತೆ, ನರಕ್ಕೂ ಏನೂ ಆಗಿಲ್ಲವಂತೆ. ಸ್ನಾಯು ಹಿಡಿದುಕೊಂಡಿದೆ, ಮೆಲ್ಲಗೆ ಓಡಾಡಿಸಿ ಎಂದರು ಡಾಕ್ಟರು. ಓಡಾಡಿಸುವ ಮಾತೆಲ್ಲಿ ಬಂತು! ಮಗ್ಗುಲಾಗಿಸಲು ಹೋದರೆ ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಾಳೆ. ಪಕ್ಕದ ಮನೆಯ ತಾಮೂ ಬಂದು ಬಾಗಿಲಲ್ಲೇ ನಿಂತು, 'ನಮ್ಮತ್ತೇನೂ ಹೀಗೇ ಮಲ್ಕೊಂಡೋಳು ಕಣೇ, ಆಮೇಲೆ ನಾಲ್ಕು ಜನ ಹೊತ್ಕೊಂಡೇ ಹೋಗ್ಬೇಕಾಯ್ತು' ಎಂದು ಹೇಳಿ ಹೋದಳು. ಅವಳ ಬಾಯಿಗೆ ಮಣ್ಣು ಹಾಕ! ಆದರೂ ಆ ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ.

ನೀನು ಕಳಿಸಿದ ಕ್ಯಾಸೆಟ್ಟಿನ ವಿಷಯ ನಿನಗೆ ಬರೆಯಲೇ ಇಲ್ಲ. ಹೊಟ್ಟೆಕಿಚ್ಚು ಎಂದುಕೋ. ಎರಡು ತಿಂಗಳಿಂದ ಅಮ್ಮ ದಿನಾ ಬೆಳಿಗ್ಗೆ ಚಾಪೆ ಹಾಸಿ ಮಲಗಿ, ನಿನ್ನ ಧ್ವನಿ ಹೇಳಿದಂತೆ ಮಂಡಿ ಮಡಚಿ, ಹಿಡಿದುಕೊಂಡ ಸೊಂಟವನ್ನು ಬೇಕೆಂದೇ ಇನ್ನಷ್ಟು ಬಿಗಿಮಾಡಿ, ಆಮೇಲೆ ನಿಧಾನವಾಗಿ ಬಿಡುತ್ತಿದ್ದಳು. ನಿದ್ದೆಯಿಂದೆದ್ದ ಬೆಕ್ಕು ಮೈಮುರಿಯುವ ಹಾಗೆ. ಮೊದಮೊದಲು ಮೆಲ್ಲಗೆ ಮಾಡುವುದೆಂದರೆ ಮೈಗಳ್ಳತನ ಎಂದುಕೊಂಡು ಒದ್ದೆ ಉಣ್ಣೆ ಹಿಂಡಿದ ಹಾಗೆ ಮೈ ಹಿಂಡಿ ಬೆವರುತ್ತಿದ್ದಳು. 'ಅರ್ಧ ಸಾಕಮ್ಮಾ, ನೋವು ಬರೋಕೆ ಮುಂಚೆ ನಿಲ್ಸು' ಎಂದು ನೀನು ಕ್ಯಾಸೆಟ್ಟಿನೊಳಗಿಂದ ಹೇಳಿದರೆ, 'ಅರ್ಧ ಕೆಲ್ಸಕ್ಕೆ ಯಾರೇ ಕೂಲಿ ಕೊಡ್ತಾರೆ?' ಎಂದು ಆ ಪೆಟ್ಟಿಗೆಗೇ ಜವಾಬು. ಆಮೇಲೆ ಹೇಗೋ ಪಳಗಿದಳು. ಮೂವತ್ತು ವರ್ಷ ನದಿಯಲ್ಲಿ ಬಗ್ಗಿ ಉಣ್ಣೆ ತೊಳೆದು ಕಟ್ಟಿಕೊಂಡ ಬೆನ್ನುನೋವು, ನಾನು ವಾರವಾರ ಉಜ್ಜಿದರೂ ಜಗ್ಗದ ನೋವು, ಇಳಿಯಿತು. ಒಗೆದ ಬಟ್ಟೆ ಹೊತ್ತು ಮಾಳಿಗೆ ಹತ್ತಿದಳು ಕಣೇ! 'ಇದು ನನ್ನ ಚಿಕ್ಕ ಮಗಳ ವಿದ್ಯೆ' ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಹಮಾಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಂಗಸರ ಮೈ ಉಜ್ಜಿ, ಕೈಕಾಲು ಎಳೆದು, ನೆಟಿಗೆ ತೆಗೆದು ಹೊಟ್ಟೆ ಹೊರೆಯುವ ನಾನು ಅದನ್ನೆಲ್ಲ ನಿಂತು ಕೇಳಿದೆ.

ಈಗ ಅದೇ ಕ್ಯಾಸೆಟ್ಟನ್ನು ನಾನೇ ಹಾಕುತ್ತೇನೆ. ನಿನ್ನ ಧ್ವನಿ ಬಂದ ಕೂಡಲೇ ಕಣ್ಣು ಮುಚ್ಚಿ ಕಾಲ್ಬೆರಳು ಆಡಿಸುತ್ತಾಳೆ. ನಿನ್ನೆ ಒಂದು ಮಂಡಿ ಗೇಣಷ್ಟು ಎತ್ತಿದಳು. ಅಷ್ಟೇ, ಮುಂದಕ್ಕೆ ಹೋಗುವುದಿಲ್ಲ. ರಜೆ ಹಾಕಿ ಬಾ. ನಿನಗಿಷ್ಟವಾದ ಉಪ್ಪಿನಲ್ಲಿ ನೆನೆಹಾಕಿದ ನಿಂಬೆಹಣ್ಣು ತೆಗೆದಿಟ್ಟಿದ್ದೇನೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ದಾರಿಯಲ್ಲಿ ಕಾಯಲಿ.

ನಿನ್ನ ಅಕ್ಕ,
ಬತೂಲ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಅಮ್ಮ ಜಾರಿ ಬೀಳಲಿಲ್ಲ. ಹಮಾಮಿನ ಬಿಸಿಕೋಣೆಯ ಕಲ್ಲಿನ ಮೇಲೆ ಬೋರಲು ಮಲಗಿದ್ದಳು. 'ಬೇಡ ಕಣೇ, ಈಗ ಚೆನ್ನಾಗಿದೆ' ಎಂದಳು. 'ಗಂಟು ಒಳಗೇ ಇದೆ, ಎಳೀದೆ ಹೋಗಲ್ಲ' ಎಂದು ನಾನು ಅವಳ ಸೊಂಟಕ್ಕೆ ಮಂಡಿ ಊರಿ, ಭುಜ ಹಿಡಿದು ಎಳೆದೆ. ಚಟ್ಟೆಂದಿತು. ಜಾರಿದೆ ಎಂದು ಅಲ್ಲಿದ್ದ ಹೆಂಗಸರಿಗೂ, ಆಮೇಲೆ ಡಾಕ್ಟರಿಗೂ ಹೇಳಿದವಳು ಅವಳೇ. ನನಗೆ ಒಂದು ಬೈಗುಳವೂ ಇಲ್ಲ. ಆದರೆ ನಾನು ಕೈ ಚಾಚಿದರೆ ಸಾಕು, ಮುಟ್ಟುವ ಮೊದಲೇ ಅವಳ ಬೆನ್ನು ಹಲಗೆಯಾಗುತ್ತದೆ. 'ಮುಟ್ಟು ಮಗಳೇ, ಏನಾಗಲ್ಲ' ಎಂದು ಬಾಯಿ ನಗುತ್ತದೆ, ಬೆನ್ನು ಬಿಗಿಯುತ್ತದೆ. ಬೇಗ ಬಾ.