ಗುಂಡಣ್ಣನ ಬಾಳೆ ಕೀಳುವ ಮುನ್ನ

ಸೇಬಿನ ಸಸಿ ಹಂಚುವ ಯೋಜನೆಯ ಮಾನ್ಯ ಅಧಿಕಾರಿಗಳೇ,

ಕಲಬುರಗಿಯ ನಿಮ್ಮ ಕಚೇರಿ ಬಾಗಿಲಲ್ಲಿ ನನ್ನ ಫೋಟೊ ಇರುವ ಫ್ಲೆಕ್ಸ್ ಕಟ್ಟಿಸಿದ್ದೀರಿ. ಎರಡೂ ಕೈಯಲ್ಲಿ ಸೇಬು ಹಿಡಿದು ನಗುತ್ತಿದ್ದೇನೆ. ಕೆಳಗೆ 'ಬಿಸಿಲ ನಾಡಿನ ಸೇಬು ಸಾಧಕ' ಎಂದಿದೆ. ಅದು ಸುಳ್ಳು. ಆ ಸುಳ್ಳನ್ನು ನಂಬಿ ಮಹಾಗಾಂವದ ನನ್ನ ಗೆಳೆಯ ಗುಂಡಣ್ಣ ಬರುವ ಸೋಮವಾರ ತನ್ನ ಒಂದು ಎಕರೆ ಕೆಂಪು ಬಾಳೆ ಕಿತ್ತು ನೀವು ಕೊಟ್ಟ ಸೇಬಿನ ಸಸಿ ನೆಡಲಿದ್ದಾನೆ. ಅದನ್ನು ತಡೆಯಿರಿ ಎಂದು ಕೇಳಲು ಮೂರು ಸಲ ಬಂದೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ತಾವು ಕಮಲಾಪುರಕ್ಕೆ ಬಂದು ಹೇಳಿದ ಲೆಕ್ಕ ನನಗಿನ್ನೂ ಬಾಯಿಪಾಠ. ಕಾಶ್ಮೀರದ ಸೇಬು ಎರಡು ಸಾವಿರ ಕಿಲೋಮೀಟರಿಗೂ ಆಚೆಯಿಂದ ಬರುತ್ತದೆ, ಲಾರಿ ಬಾಡಿಗೆ, ಪೆಟ್ಟಿಗೆ, ದಲಾಲಿ ಎಲ್ಲವೂ ಗಿರಾಕಿಯ ತಲೆಯ ಮೇಲೆ. ಕಮಲಾಪುರದಿಂದ ಕಲಬುರಗಿ ಒಂದು ತಾಸಿನ ದಾರಿ, ಅಷ್ಟೂ ಲಾಭ ನಿಮ್ಮದೇ ಎಂದಿರಿ. ನನ್ನ ಬಾಯಲ್ಲಿ ನೀರೂರಿತು. ನನ್ನ ಹೆಂಡತಿ ಶಂಕ್ರಮ್ಮ ಮಾತ್ರ, "ಗೊತ್ತಿಲ್ಲದ ಗಿಡದ ಸಲುವಾಗಿ ಗೊತ್ತಿದ್ದ ಗಿಡ ಯಾಕ ಕೀಳ್ತೀರಿ?" ಎಂದಳು. ನನ್ನವ್ವ ನೆಟ್ಟ ಬಾಳೆಯ ಮರಿಗಳಿಂದಲೇ ಮುಂದುವರಿದ ತೋಟ ಅದು. ಕಿತ್ತೆ.

ಹೋದ ವರ್ಷ ಮೇ ತಿಂಗಳಲ್ಲಿ ಫಲ ಬಂತು. ನಿಜ, ಬಂತು. ಆದರೆ ನಾವು ಬಾಳೆಯವರು. ಗೊನೆ ಹಸಿರಿರುವಾಗಲೇ ಕಡಿದು, ಕತ್ತಲೆ ಕೋಣೆಯಲ್ಲಿ ಹುಲ್ಲು ಹೊದಿಸಿ ಮಾಗಿಸುವುದು ನಮಗೆ ತಿಳಿದ ವಿದ್ಯೆ. ಸೇಬಿಗೂ ಅದನ್ನೇ ಮಾಡಿದೆವು. ಪೂರ್ತಿ ಬಣ್ಣ ತಿರುಗುವ ಮೊದಲೇ ಕೊಯ್ದು, ಬೇಗ ಮಾಗಲಿ ಎಂದು ಗುಂಡಣ್ಣನ ತೋಟದಿಂದ ತಂದ ಎರಡು ಬಾಳೆಗೊನೆ ನಡುವೆ ಇಟ್ಟು, ಹುಲ್ಲು ಮುಚ್ಚಿ ಬಾಗಿಲು ಹಾಕಿದೆವು. ಐದನೇ ದಿನ ತೆಗೆದರೆ ಸಿಪ್ಪೆ ಸುಕ್ಕಾಗಿತ್ತು, ಕಚ್ಚಿದರೆ ಬಾಯಲ್ಲಿ ಹಿಟ್ಟು. ಶಂಕ್ರಮ್ಮ ಒಂದನ್ನು ಕೈಯಲ್ಲಿ ಹಿಡಿದು, "ಎಮ್ಮಿಗಾದ್ರೂ ಹಾಕಲೇನ್ರಿ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮಾಗುವ ಬಾಳೆಯ ಗಾಳಿ ಸೇಬನ್ನು ಕೆಡಿಸುತ್ತದೆ, ಸೇಬಿಗೆ ಬೇಕಾದದ್ದು ತಂಪು ಎಂದು ಆಮೇಲೆ ಯಾರೋ ಹೇಳಿದರು. ಸಸಿ ಕೊಡುವಾಗ ತಾವು ಗುಂಡಿಯ ಅಳತೆ ಹೇಳಿದಿರಿ, ಗೊಬ್ಬರದ ಅಳತೆ ಹೇಳಿದಿರಿ. ಕೊಯ್ದ ಮೇಲೆ ಏನು ಮಾಡಬೇಕೆಂದು ಒಂದು ಮಾತು ಹೇಳಲಿಲ್ಲವೇಕೆ? ಫಲ ಬರುತ್ತದೆಂಬ ನಂಬಿಕೆ ತಮಗೂ ಇರಲಿಲ್ಲವೇ?

ಎರಡನೇ ಕೊಯ್ಲನ್ನು ಗಿಡದಲ್ಲೇ ಬಲಿಯಲು ಬಿಟ್ಟು, ಟೆಂಪೋದಲ್ಲಿ ಕಲಬುರಗಿಯ ಹಣ್ಣಿನ ಮಾರುಕಟ್ಟೆಗೆ ಒಯ್ದೆ. ಮೋಮಿನಪುರದ ಖಮರುದ್ದೀನ್ ಸಾಹೇಬರು ಇಪ್ಪತ್ತು ವರ್ಷ ನನ್ನ ಬಾಳೆ ಮಾರಿಕೊಟ್ಟ ದಲಾಲರು, ಮುಖ ನೋಡಿ ಮಾತಾಡುವವರಲ್ಲ. ಒಂದು ಹೋಳು ತಿಂದು, "ರುಚಿ ಅದ, ದೌಲಪ್ಪಣ್ಣ" ಎಂದರು. ಆಮೇಲೆ ನನ್ನ ಕ್ರೇಟಿನಿಂದ ದೊಡ್ಡದೊಂದು, ಸಣ್ಣದೊಂದು, ಕಲೆಯಿದ್ದದ್ದೊಂದು ತೆಗೆದು ಸಾಲಾಗಿ ಇಟ್ಟರು.

"ಕಾಶ್ಮೀರದ ಮಾಲು ಒಂದು ಪೆಟ್ಟಿ ತೆರದು ತೋರ್ಸಿ ಐವತ್ತು ಪೆಟ್ಟಿ ಮಾರ್ತೀನ್ರಿ. ಎಲ್ಲಾ ಒಂದೇ ಸೈಜ್. ಆರು ತಿಂಗಳು ಕೋಲ್ಡ್ ಸ್ಟೋರೇಜಿನಾಗ ಇದ್ದು ಬಂದ್ರೂ ಇನ್ನಾ ಎಂಟು ದಿನ ತಡೀತದ. ನಿಮ್ದು ಈ ಬಿಸಲಾಗ ನಾಳಿ ಸಂಜಿಗೇ ಮೆತ್ತಗಾಗ್ತದ. ಬಂಡಿಯವ್ರು ಹ್ಯಾಂಗ ತಗೋಬೇಕು, ಬೋಲೋ?"

ಅವರ ಮಾತು ಸರಿ. ಅಷ್ಟು ದೂರದ ದಾರಿಯುದ್ದಕ್ಕೂ ಆ ಹಣ್ಣಿಗೆ ಆರಿಸುವ ಕೈ, ತಂಪು ಕೋಣೆ, ಸರಿಯಾದ ಪೆಟ್ಟಿಗೆ ಇದ್ದವು. ನನ್ನ ಒಂದು ತಾಸಿನ ದಾರಿಯಲ್ಲಿ ಇದ್ದದ್ದು ಟೆಂಪೋ ಮೇಲಿನ ತಾಡಪತ್ರಿ ಒಂದೇ. ಗಿರಾಕಿ ಕೊಡುವ ದುಡ್ಡು ಬರೀ ದೂರಕ್ಕಲ್ಲ, ಆ ಏರ್ಪಾಡಿಗೆ ಎಂಬುದು ತಮ್ಮ ಲೆಕ್ಕದಲ್ಲಿ ಇರಲಿಲ್ಲ. ನನ್ನದೊಂದು ಎಕರೆಗಾಗಿ ಕೋಲ್ಡ್ ಸ್ಟೋರೇಜ್ ಯಾರು ಕಟ್ಟುತ್ತಾರೆ? ಕೊನೆಗೆ ಜ್ಯೂಸ್ ಅಂಗಡಿಯವರು ಒಯ್ದರು. ಬಂದದ್ದು ಕೊಯ್ದವರ ಕೂಲಿಗೂ ಟೆಂಪೋ ಬಾಡಿಗೆಗೂ ಸರಿಹೋಯಿತು.

ಇಲ್ಲಿಯವರೆಗೆ ತಮ್ಮ ತಪ್ಪು ಹೇಳಿದೆ. ಇನ್ನು ನನ್ನದು. ಅದಾದ ವಾರಕ್ಕೆ ತಾವು ಎರಡು ಜೀಪಿನಲ್ಲಿ ರೈತರನ್ನು ಕರೆದುಕೊಂಡು ನನ್ನ ತೋಟಕ್ಕೆ ಬಂದಿರಿ. ಗಿಡದಲ್ಲಿ ಇನ್ನೂ ಕೆಂಪಗೆ ಹಣ್ಣು ಉಳಿದಿದ್ದವು. ಎಲ್ಲರ ಮುಂದೆ, "ಮಾರ್ಕೆಟ್ ಹೇಗಿದೆ ದೌಲಪ್ಪನವರೇ?" ಎಂದು ಕೇಳಿದಿರಿ. ಮುಂದಿನ ಸಾಲಿನಲ್ಲೇ ಗುಂಡಣ್ಣ ನಿಂತಿದ್ದ. ಅವ್ವನ ತೋಟ ಕಿತ್ತ ಮೂರ್ಖ ಎಂದು ಅಷ್ಟು ಜನರೆದುರು ಒಪ್ಪಿಕೊಳ್ಳಲು ನಾಚಿಕೆಯಾಯಿತು. "ಛಲೋ ಅದರಿ ಸಾಹೇಬ್ರ," ಎಂದುಬಿಟ್ಟೆ. ಫೋಟೊ ತೆಗೆದದ್ದು ಆಗಲೇ. ಶಂಕ್ರಮ್ಮ ನನ್ನ ಮುಖ ನೋಡದೆ ಒಳಗೆ ಹೋದಳು.

ಹೋದ ವಾರ ಮಹಾಗಾಂವಕ್ಕೆ ಹೋಗಿ ಗುಂಡಣ್ಣನಿಗೆ ಎಲ್ಲ ಬಿಚ್ಚಿ ಹೇಳಿದೆ. ಅವನ ಹೆಂಡತಿ ಭೀಮಬಾಯಿ ಚಹಾ ಕೊಟ್ಟು ಬಾಗಿಲಲ್ಲೇ ನಿಂತು ಕೇಳಿದಳು. ಗುಂಡಣ್ಣ, "ಹೋದ ವರ್ಷ ಎಲ್ಲಾರ ಮುಂದ ಛಲೋ ಅದ ಅಂದಾವ್ರು ನೀವೇ ಅಲ್ರಿ, ದೌಲಪ್ಪಣ್ಣ? ಈಗ ನಾ ಹಚ್ಚಾಕ ಹೊಂಟ ಕೂಡ್ಲೇ ಕೆಟ್ಟದ್ದಾತೇನು? ನಿಮ್ಮ ಹೊಲದಾಗ ಬಂದ ಗಿಡ ನಮ್ಮ ಹೊಲದಾಗ ಬರಬಾರದೇನ್ರಿ?" ಎಂದ. ಆ ಎಕರೆ ಅವನ ಅಪ್ಪ ಪರರ ಹೊಲದಲ್ಲಿ ಕೂಲಿ ಮಾಡಿ ಕೊಂಡದ್ದು. ನಮ್ಮ ಹೊಲದಲ್ಲೂ ಆ ಅಪ್ಪ ಕೂಲಿ ಮಾಡಿದ್ದ. ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಬೈಕಿನ ಮೇಲೆ ಅತ್ತೆ.

ಗುಂಡಣ್ಣ ಈ ಸಲದ ಗೊನೆ ಕಡಿದಿದ್ದಾನೆ. ಬಾಳೆಯ ಬುಡದಲ್ಲಿ ಮುಂದಿನ ಫಸಲಿನ ಮರಿಗಳು ಮೊಣಕಾಲುದ್ದ ಬಂದಿವೆ. ನಾನು ಕೇಳುವುದು ಪರಿಹಾರವಲ್ಲ, ತನಿಖೆಯೂ ಅಲ್ಲ. ಭಾನುವಾರ ಸಂಜೆಯೊಳಗೆ ಮಹಾಗಾಂವಕ್ಕೆ ಬನ್ನಿ. ಅವನ ಕಟ್ಟೆಯ ಮೇಲೆ ಕುಳಿತು, ಸೇಬು ಕೊಳ್ಳುವವರಿಲ್ಲ, ಇಡಲು ಜಾಗವಿಲ್ಲ, ಬಾಳೆ ಕೀಳಬೇಡ ಎಂದು ಹೇಳಿ. ದೌಲಪ್ಪ ಸುಳ್ಳು ಹೇಳಿದ್ದ ಎಂದೂ ಹೇಳಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನನ್ನ ಮಾತನ್ನು ಅವನಿನ್ನು ನಂಬುವುದಿಲ್ಲ. ಸರ್ಕಾರದ ಮಾತನ್ನು, ಪಾಪ, ಇನ್ನೂ ನಂಬುತ್ತಾನೆ.

ಇಂತಿ,
ಹಿಂದೆ ಕೆಂಪು ಬಾಳೆ ಬೆಳೆಯುತ್ತಿದ್ದ,
ಗೆಳೆಯನಿಗೆ ನಿಜ ಹೇಳಲು ಒಂದು ವರ್ಷ ತಡಮಾಡಿದ,
ದೌಲಪ್ಪ
ಕಮಲಾಪುರ