ಆಟದ ನಡುವೆ ಕೊಟ್ಟುಬಿಟ್ಟ ಹುಡುಗ

ಜುಲೈ ೩೦, ಮಂಗಳವಾರ

ಇವತ್ತು ಆಟ ನಡೆಯುತ್ತಿರುವಾಗಲೇ ನಮ್ಮ ಬೇಸ್‌ಬಾಲ್ ತಂಡದವರು ಪೆಗೆರೋನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಇಪ್ಪತ್ತೆರಡರ ಹುಡುಗ. ಬದಲಿಗೆ ಬರುವವನು ಹಾಲ್ವರ್ಸನ್, ಮೂವತ್ತೈದು ದಾಟಿದ, ಚೆಂಡೆಸೆತದಲ್ಲಿ ಪಳಗಿದ ಪಿಚರ್. ಮೈಕಿನಲ್ಲಿ ಯಾರೂ ಏನೂ ಹೇಳಲಿಲ್ಲ. ಜೊತೆಯ ಆಟಗಾರರು ಒಬ್ಬೊಬ್ಬರಾಗಿ ಎದ್ದು ಹುಡುಗನನ್ನು ತಬ್ಬಿಕೊಳ್ಳುವುದನ್ನು ನೋಡಿಯೇ ನಮಗೆ ಅರ್ಥವಾಯಿತು.

ಎಷ್ಟೋ ವರ್ಷಗಳಿಂದ ನನ್ನ ಪಕ್ಕದ ಸೀಟಿನಲ್ಲೇ ಕೂತು ಆಟ ನೋಡುವ ಎರ್ನಿಗೆ ಖುಷಿಯೋ ಖುಷಿ. “ಅಕ್ಟೋಬರಲ್ಲಿ ಕಪ್ ಗೆಲ್ಬೇಕಂದ್ರೆ ಪಿಚರ್ ಬೇಕು ಕಣೇ ಲೊರೇನ್. ನಂಗೆ ಎಪ್ಪತ್ತೆಂಟು. ಹುಡುಗ ಬೆಳೆಯೋವರೆಗೂ ಕಾಯೋಕೆ ನಾನೇನು ಆಮೆನಾ?”

“ತೊಂಬತ್ತೊಂದನೇ ಇಸವೀಲೂ ಹೀಗೇ ಕುಣಿದಿದ್ದೆ. ಆಗ ತಂದ ಪಿಚರ್‌ನ ಭುಜ ಮೂರೇ ವಾರಕ್ಕೆ ಕೈಕೊಡ್ತಲ್ಲ?” ಎಂದೆ.

“ನಿನ್ನ ನೆನಪಿಗಿಷ್ಟು ಬೆಂಕಿ ಹಾಕ!” ಎಂದು ನಕ್ಕು, ಕಡಲೆಕಾಯಿ ಪೊಟ್ಟಣ ನನ್ನತ್ತ ಚಾಚಿದ.

ಹಾಲ್ವರ್ಸನ್ ಗೆಲ್ಲಿಸಲೂಬಹುದು; ಗೆದ್ದರೆ ನಾನೂ ಕುಣಿಯುತ್ತೇನೆ. ನನ್ನ ಸಿಟ್ಟು ಬೇರೆ. ಮೂರು ವರ್ಷ ತಂಡ ಸೋತು ಸುಣ್ಣವಾದಾಗಲೆಲ್ಲ ಮಾಲೀಕರು ಇದೇ ಹುಡುಗನನ್ನು ತೋರಿಸಿ, ‘ತಾಳ್ಮೆಯಿರಲಿ, ಇವನು ಬೆಳೆಯಲಿ’ ಎಂದರು. ತಾಳಿಕೊಂಡೆವು. ಹೋದ ವರ್ಷ ಅವನು ಚೆಂಡು ಕೈಬಿಟ್ಟಾಗಲೂ ಚಪ್ಪಾಳೆ ತಟ್ಟಿದೆವು.

ಕಣ್ಣು ಎಳೆಯುತ್ತಿದೆ. ನಾಳೆ ಮಾಲೀಕರು ಹೊಸ ಪಿಚರನ್ನು ಪತ್ರಿಕೆಯವರ ಮುಂದೆ ನಿಲ್ಲಿಸುತ್ತಾರಂತೆ. ನಿಲ್ಲಿಸಲಿ. ಆಮೇಲೆ ಅದೇ ಮೈಕಿನ ಮುಂದೆ, ಊರಿಗೆಲ್ಲ ಕೇಳುವಂತೆ ಹೇಳಲಿ: ನಾವು ಇಷ್ಟು ದಿನ ಕಾದದ್ದು ಯಾರಿಗಾಗಿ?